ದಾಮಣ್ಣ ಆರಿಸಿದ ಬ್ಯಾಟರಿ

ಬೆಳಗಿನ ಮೊದಲ ಪೂರಿ ಎಣ್ಣೆಗೆ ಬೀಳುವ ಸದ್ದಿಗೆ ನನಗೆ ಎಚ್ಚರವಾಗುತ್ತಿದ್ದ ದಿನಗಳು ಅವು. ಪುಣೆಯ ಬಿಬವೇವಾಡಿಯಲ್ಲಿ ಅಪ್ಪನದೊಂದು ಸಣ್ಣ ಹೊಟೇಲಿತ್ತು. ಕೆಳಗೆ ಹೊಟೇಲು, ಮೇಲೆ ನಮ್ಮ ಮನೆ. ನನ್ನ ಹಾಸಿಗೆಯ ನೇರ ಕೆಳಗೆ ಎಣ್ಣೆಯ ಬಾಣಲೆ. ಹೊಟೇಲಿನವರ ಮಕ್ಕಳಾಗಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ: ಸಮವಸ್ತ್ರಕ್ಕೆ, ಪುಸ್ತಕಕ್ಕೆ, ಜಡೆಗೆ, ಎಲ್ಲಕ್ಕೂ ಒಂದೇ ವಾಸನೆ. ಶಾಲೆಯ ಬಸ್ಸಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ನನ್ನ ತೋಳು ಮೂಸಿ, ಇವತ್ತು ವಡೆಯೋ ಬನ್ಸೋ ಎಂದು ಮರಾಠಿಯಲ್ಲಿ ಹೇಳಿಬಿಡುತ್ತಿದ್ದಳು. ಅವಳ ಮೂಗು ಒಮ್ಮೆಯೂ ತಪ್ಪಿದ್ದು ನೆನಪಿಲ್ಲ.

ನಾನು ಐದನೇ ತರಗತಿ ಮುಗಿಸಿದ ಬೇಸಿಗೆ ರಜೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕು. ಇದನ್ನು ಬಾಯಿಮಾತಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿದಾಗೆಲ್ಲ ಬೆಂಕಿ ಸ್ವಲ್ಪ ಸ್ವಲ್ಪ ಎತ್ತರವಾಗುತ್ತ ಬಂದಿದೆ. ಆದ್ದರಿಂದ ಬರೆಯುವಾಗ ಕಂಡಷ್ಟನ್ನೇ ಬರೆಯುತ್ತೇನೆ.

ನಮ್ಮ ಅಡುಗೆಮನೆಯ ಯಜಮಾನರು ದಾಮಣ್ಣ. ಕುಂದಾಪುರದ ಕಡೆಯವರು, ಅಪ್ಪನ ಊರಿನವರೇ. ದೋಸೆ ಹಿಟ್ಟಿನ ಪಾತ್ರೆಗೆ ಕಿವಿ ಕೊಟ್ಟು, "ಇನ್ನು ಅರ್ಧ ಗಂಟೆ" ಎನ್ನುತ್ತಿದ್ದರು. ಅರ್ಧ ಗಂಟೆಯೇ ಆಗುತ್ತಿತ್ತು. ಸಾಂಬಾರಿಗೆ ಉಪ್ಪು ಹಾಕುವಾಗ ನೋಡುತ್ತಿರಲಿಲ್ಲ, ರುಚಿ ನೋಡುವುದಂತೂ ಇಲ್ಲವೇ ಇಲ್ಲ. ಅವರ ಅಡುಗೆಮನೆಯಲ್ಲಿ ಒಳ್ಳೆಯ ವಸ್ತುಗಳೆಲ್ಲ ಉಬ್ಬುತ್ತಿದ್ದವು. ಇಡ್ಲಿ ಉಬ್ಬಬೇಕು, ಬನ್ಸ್ ಉಬ್ಬಬೇಕು, ಗೋಳಿಬಜೆ ಉಬ್ಬಬೇಕು. ಚಪ್ಪಟೆಯಾಗಿ ಉಳಿದ ಪೂರಿ ಗಿರಾಕಿಯ ತಟ್ಟೆಗೆ ಹೋಗುತ್ತಿರಲಿಲ್ಲ, ನನ್ನ ತಟ್ಟೆಗೆ ಬರುತ್ತಿತ್ತು. ಹತ್ತು ವರ್ಷಗಳ ಬುದ್ಧಿಗೆ ನಾನು ಕಲಿತಿದ್ದು ಇಷ್ಟು: ಉಬ್ಬಿದ್ದು ಹದಕ್ಕೆ ಬಂದದ್ದು, ಉಬ್ಬದ್ದು ಹೋದದ್ದು.

ದಿನಾ ಬೆಳಿಗ್ಗೆ ತಿಂಡಿಗೆ ಬರುತ್ತಿದ್ದ ಒಬ್ಬ ಬೆಂಗಳೂರಿನ ಇಂಜಿನಿಯರ್ ಇದ್ದರು. ಅವರನ್ನು ಒಯ್ಯುವ ಹಿಂಜವಾಡಿಯ ಕಂಪನಿ ಕ್ಯಾಬು ನಮ್ಮ ಹೊಟೇಲಿನ ಎದುರೇ ನಿಲ್ಲುತ್ತಿತ್ತು. ಮಾರ್ಚ್ ತಿಂಗಳಲ್ಲಿ ಅವರು ಕೆಲಸ ಬದಲಿಸಿ ಚೆನ್ನೈಗೆ ಹೊರಟಾಗ ಒಂದು ರಟ್ಟಿನ ಡಬ್ಬ ತಂದು ನನ್ನ ಕೈಗಿಟ್ಟರು. ಒಳಗೆ ರಿಮೋಟಿನಿಂದ ಓಡುವ ಕೆಂಪು ರೇಸ್ ಕಾರು. ಅಂಗಡಿಯಲ್ಲಿ ಸಿಗುವ ಆಟಿಕೆಯಲ್ಲ, ನಿಜವಾಗಿ ಸ್ಪರ್ಧೆಗೆ ಬಿಡುವಂಥದ್ದು. ಜೊತೆಗೆ ಚಾರ್ಜರು, ಎರಡು ಬ್ಯಾಟರಿ.

"ಪುಟ್ಟಾ, ಎರಡರಲ್ಲಿ ಒಂದು ಹೋಗಿದೆ. ಯಾವ್ದು ಅಂತ ಈಗ ನೆನಪಾಗ್ತಿಲ್ಲ. ಗೊತ್ತಿರೋರನ್ನ ಕೇಳ್ಕೊಂಡು ಯೂಸ್ ಮಾಡು, ಆಯ್ತಾ?" ಎಂದರು. ಹೊರಗೆ ಟ್ಯಾಕ್ಸಿಯವನು ಹಾರ್ನ್ ಒತ್ತುತ್ತಿದ್ದ.

ಪರೀಕ್ಷೆ ಮುಗಿಯುವವರೆಗೆ ಅಮ್ಮ ಆ ಡಬ್ಬವನ್ನು ಅಡುಗೆಮನೆಯ ಅಟ್ಟದ ಮೇಲೆ ಇಡಿಸಿದಳು. ಅಟ್ಟದ ಕೆಳಗೇ ಒಲೆ. ಕೊಟ್ಟ ದಿನ ಎರಡೂ ಬ್ಯಾಟರಿಗಳು ಹೇಗಿದ್ದವು? ನಾನು ಕಾರನ್ನಷ್ಟೇ ನೋಡಿದ್ದೆ. ಹಾಗಾಗಿ ಮುಂದಿನದಕ್ಕೆ ಒಲೆಯ ಬಿಸಿಯೇ ಕಾರಣವೆಂದು ನಾನು ಹೇಳಲಾರೆ. ಅಲ್ಲವೆಂದೂ ಹೇಳಲಾರೆ.

ಏಪ್ರಿಲ್ ಕೊನೆಯಲ್ಲಿ ನಮ್ಮ ಓಣಿಯ ಮಕ್ಕಳು ರೇಸ್ ಇಟ್ಟುಕೊಂಡರು. ಕಟ್ಟಿ ಮುಗಿದು ಇನ್ನೂ ಯಾರೂ ವಾಸಕ್ಕೆ ಬಾರದಿದ್ದ ಒಂದು ಹೊಸ ಕಟ್ಟಡದ ಪಾರ್ಕಿಂಗಿನಲ್ಲಿ, ಭಾನುವಾರ ಬೆಳಿಗ್ಗೆ, ಕಂಬಗಳ ಸುತ್ತ ಹತ್ತು ಸುತ್ತು. ನಾನೊಬ್ಬಳೇ ಹುಡುಗಿ. ಹೆಸರು ಕೊಡಲು ಹೋದಾಗ ಚಿನ್ಮಯ ಎಂಬ ಹುಡುಗ, ಇವಳ ಕಾರು ಓಡುತ್ತದೋ ಇಲ್ಲ ಚಟ್ನಿ ಅರೆಯುತ್ತದೋ ಎಂದು ಮರಾಠಿಯಲ್ಲಿ ಕೇಳಿದ. ಎಲ್ಲರೂ ನಕ್ಕರು. ಅಲ್ಲಿಂದ ಮುಂದೆ ಆ ಭಾನುವಾರ ಬಿಟ್ಟರೆ ನನಗೆ ಲೋಕವೇ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಊಟದ ಗಲಾಟೆ ಇಳಿದ ಮೇಲೆ ಎರಡೂ ಬ್ಯಾಟರಿಗಳನ್ನು ಗಲ್ಲಾ ಪಕ್ಕದ ಮೇಜಿನ ಮೇಲೆ ಇಟ್ಟೆ. ಒಂದು ಹಳದಿ ಹೊದಿಕೆಯದ್ದು. ಒಳಗೆ ಆರು ಗುಂಡು ಸೆಲ್ಲುಗಳು ಸಾಲಾಗಿ ಕೂತದ್ದು ಹೊರಗಿನಿಂದಲೇ ಕಾಣುತ್ತಿತ್ತು. ಗಟ್ಟಿ, ಭಾರ. ಇನ್ನೊಂದು ಬೆಳ್ಳಿ ಬಣ್ಣದ ಮೆತ್ತನೆಯ ಪೊಟ್ಟಣ, ಹಗುರ. ಅದರ ಹೊಟ್ಟೆ ಎರಡೂ ಕಡೆ ನಯವಾಗಿ ಉಬ್ಬಿತ್ತು.

ಮೊದಲು ಎತ್ತಿ ನೋಡಿದವರು ಈರಣ್ಣ ಕಾಕಾ. ವಿಜಯಪುರದ ಕಡೆಯವರು, ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ, ಮಧ್ಯಾಹ್ನದ ಚಹಾ ನಮ್ಮಲ್ಲೇ. ಎರಡನ್ನೂ ಎರಡು ಅಂಗೈಯಲ್ಲಿಟ್ಟು ತಕ್ಕಡಿಯ ಹಾಗೆ ಮೇಲೆ ಕೆಳಗೆ ಆಡಿಸಿದರು.

"ಹಳದೀದು ಹಾಕ್ರಿ. ಕೈಗೆ ಭಾರ ಹತ್ತತದ. ಮಾಲು ಒಳಗದ ಅಂದ್ರ ತೂಕ ಇರಬೇಕು. ಈ ಬೆಳ್ಳೀದು ಬರೇ ಗಾಳಿ ಅದ ನೋಡ್ರಿ."

"ಗಾಳಿ ಅಂತೆ!" ದಾಮಣ್ಣ ಒಳಗಿನಿಂದ ಕೈ ಒರೆಸುತ್ತ ಬಂದರು. "ಈರಣ್ಣೋರೆ, ಪೂರಿಯೊಳಗೆ ಎಂತ ಇರ್ತದೆ? ಗಾಳಿಯೇ ಅಲ್ವಾ? ದಿನಾ ನಾಲ್ಕು ತಿಂತೀರಿ, ತೂಕ ಹಾಕಿ ತಿಂತೀರಾ?"

"ಪೂರಿ ಕಾರಿನಾಗ ಹಾಕಂಗಿಲ್ಲೋ ದಾಮಣ್ಣಾ!"

ದಾಮಣ್ಣ ಬೆಳ್ಳಿಯದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಒತ್ತಿದ್ದು ತಗ್ಗಿ ಮತ್ತೆ ಮೇಲೆ ಬಂತು. ಹಿಟ್ಟಿಗೂ ಅವರು ಹಾಗೆಯೇ ಒತ್ತುತ್ತಿದ್ದರು. ಅವರ ಮುಖದಲ್ಲಿ ನಾನು ಬಲ್ಲ ಆ ತೃಪ್ತಿ ಬಂತು.

"ಇದು ಬಂದದ್ದು ಮಾರಾಯ್ತಿ. ಒಳಗೆ ಜೀವ ಉಂಟು. ಇನ್ನೊಂದು ನೋಡು, ಕಲ್ಲಿನ ಹಾಗೆ ಸತ್ತು ಕೂತಿದೆ."

ಅಪ್ಪ ಮಾತ್ರ, "ಎರಡೂ ಬೇಡ. ಸೋಮವಾರ ಪೇಟೆಗೆ ಹೋಗ್ಲಿಕ್ಕುಂಟು, ತಿಳಿದವರಿಗೆ ತೋರಿಸಿ ಬರುವ" ಎಂದ.

ಸೋಮವಾರ! ರೇಸು ಭಾನುವಾರ. ನಾನು ಅಪ್ಪನ ಮುಖ ನೋಡಿದೆ, ಕಾಕಾನ ಮುಖ ನೋಡಿದೆ, ದಾಮಣ್ಣನ ಹೆಬ್ಬೆರಳು ನೋಡಿದೆ. ಹೆಬ್ಬೆರಳು ಗೆದ್ದಿತು.

ಶನಿವಾರ ಮಧ್ಯಾಹ್ನ ಮೂರೂವರೆ. ಅಡುಗೆಮನೆಗೆ ಅದೊಂದೇ ವಿಶ್ರಾಂತಿಯ ಹೊತ್ತು. ಹಿಂಬಾಗಿಲ ಬಳಿ, ಬಟಾಟೆ ಹೆಚ್ಚುವ ಕಲ್ಲಿನ ಮೇಲೆ ಚಾರ್ಜರಿಟ್ಟು ಬೆಳ್ಳಿಯದನ್ನು ಸಿಕ್ಕಿಸಿದೆ. ಕೆಂಪು ದೀಪ ಬಂತು. ನಾನೂ ದಾಮಣ್ಣನೂ ಎದುರು ಕೂತೆವು. ಅವರು ಮರುದಿನಕ್ಕೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಪ್ಪ ಗಲ್ಲಾದಲ್ಲಿ ಪೇಪರು ಮುಖಕ್ಕೆ ಮುಚ್ಚಿಕೊಂಡಿದ್ದ.

ಸ್ವಲ್ಪ ಹೊತ್ತಿಗೆ ಬ್ಯಾಟರಿ ಇನ್ನೂ ಉಬ್ಬಿತು. "ನೋಡು ನೋಡು, ಈಗ ಬಂತು!" ಎಂದರು ದಾಮಣ್ಣ. ನಾನು ಚಪ್ಪಾಳೆ ತಟ್ಟಿದೆ. ಇದನ್ನು ಬಿಟ್ಟು ಹೇಳಬಹುದಿತ್ತು, ಆದರೆ ತಟ್ಟಿದ್ದು ನಿಜ.

ಆಮೇಲೆ ಒಂದು ವಾಸನೆ. ಬೆಳ್ಳುಳ್ಳಿಯನ್ನೂ ಮೀರಿದ, ಸಿಹಿಯಾದ, ಉಗುರಿಗೆ ಹಚ್ಚುವ ಬಣ್ಣದಂಥ ವಾಸನೆ. ದಾಮಣ್ಣನ ಕೈ ನಿಂತಿತು. ಅವರ ಅಡುಗೆಮನೆಯಲ್ಲಿ ಅವರಿಗೆ ಗೊತ್ತಿಲ್ಲದ ವಾಸನೆ ಅದೇ ಮೊದಲಿರಬೇಕು. "ಪುಟ್ಟಿ, ಹಿಂದೆ ಹೋಗು" ಎಂದರು. ಜೋರಾಗಿ ಹೇಳಲಿಲ್ಲ. ನಾನು ಮೂರು ಹೆಜ್ಜೆ ಹಿಂದೆ ಹೋದೆ.

ಕುಕ್ಕರಿನ ಸೀಟಿಗೆ ಮುಂಚೆ ಬರುವ ಸುಯ್ ಎಂಬ ಸದ್ದು. ಬಿಳಿ ಹೊಗೆ. ಹೊಗೆಯೊಳಗಿಂದ ಬೆಂಕಿ. ಎಷ್ಟು ಎತ್ತರ ಎಂದರೆ, ಒಂದು ಮೊಳ. ಅದಕ್ಕಿಂತ ಹೆಚ್ಚಿರಲಿಲ್ಲ. ಅಪ್ಪ ಓಡಿ ಬಂದು ಮೇನ್ ಸ್ವಿಚ್ ಕೆಳಗೆಳೆದ. ಅಷ್ಟರಲ್ಲಿ ದಾಮಣ್ಣ ಪೂರಿ ಎತ್ತುವ ಉದ್ದ ಹಿಡಿಕೆಯ ತೂತಿನ ಸಟ್ಟುಗವನ್ನು ಬ್ಯಾಟರಿಯ ಕೆಳಗೆ ತೂರಿಸಿದ್ದರು. ಎಣ್ಣೆಯಿಂದ ಪೂರಿ ಎತ್ತುವ ಹಾಗೆಯೇ, ಅದೇ ಮಣಿಕಟ್ಟಿನ ತಿರುವಿನಲ್ಲಿ ಎತ್ತಿ, ಹಿಂಬಾಗಿಲಿನಿಂದ ಅಂಗಳದ ಸಿಮೆಂಟಿನ ಮೇಲೆ ಎಸೆದರು. ಹಿಂದೆಯೇ ಕಲ್ಲುಪ್ಪಿನ ಚೀಲವನ್ನು ಎತ್ತಿ ತಂದು ಪೂರ್ತಿ ಅದರ ಮೇಲೆ ಸುರಿದರು.

ಉಪ್ಪಿನ ಗುಡ್ಡದಿಂದ ಒಂದೆರಡು ನಿಮಿಷ ಹೊಗೆ ಬರುತ್ತಿತ್ತು. ಆಮೇಲೆ ನಿಂತಿತು. ದಾಮಣ್ಣನ ಬಲಗೈ ರೋಮವೆಲ್ಲ ಸುಟ್ಟು ಕೈ ಮಗುವಿನ ಕೈಯಂತೆ ನುಣ್ಣಗಾಗಿತ್ತು. ಬೇರೆ ಏನೂ ಆಗಿರಲಿಲ್ಲ. ಅವರು ಆ ಗುಡ್ಡವನ್ನು ನೋಡಿ, ಕೊನೆಗೆ ಹೇಳಿದರು:

"ಉಪ್ಪು ಸ್ವಲ್ಪ ಜಾಸ್ತಿ ಆಯ್ತು."

ಮೊದಲು ನಕ್ಕವನು ಅಪ್ಪ. ಆಮೇಲೆ ನಾನು ನಕ್ಕು, ನಗುತ್ತಲೇ ಅತ್ತೆ. ಜಡೆ ಅರ್ಧ ಹೆಣೆದುಕೊಂಡೇ ಮಹಡಿ ಇಳಿದು ಬಂದ ಅಮ್ಮ ನಮ್ಮ ಮೂವರನ್ನೂ ಒಂದೇ ಉಸಿರಿನಲ್ಲಿ ಬೈದಳು.

ಸಂಜೆ ಅಪ್ಪ ಚೆನ್ನೈಗೆ ಫೋನು ಮಾಡಿದ. ಹೌದು, ಇಂಜಿನಿಯರರ ನಂಬರು ಅಪ್ಪನ ಫೋನಿನಲ್ಲೇ ಇತ್ತು. ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ.

"ಅಯ್ಯೋ ಸಾರ್! ಉಬ್ಬಿದ್ರೆ ಅದನ್ನ ಮುಟ್ಲೇಬಾರ್ದು. ಮಗು ಹುಷಾರಾಗಿದಾಳೆ ತಾನೇ? ಹಳದಿದು ಏನೂ ಮಾಡಲ್ಲ ಸಾರ್, ಅದು ಓಲ್ಡ್ ಟೈಪು, ನಿಧಾನ ಅಷ್ಟೇ."

ಆದರೆ ಅಪ್ಪ ಖಡಾಖಂಡಿತ ಹೇಳಿಬಿಟ್ಟ: ಇನ್ನು ಈ ಮನೆಯಲ್ಲಿ ಬ್ಯಾಟರಿ ಬೇಡ, ರೇಸೂ ಬೇಡ. ನಾನು ಎದುರಾಡಲಿಲ್ಲ.

ಮರುದಿನ ಮುಂಜಾನೆ ಪೂರಿಯ ಸದ್ದಿಗೆ ಎದ್ದು ಕೆಳಗೆ ಹೋದೆ. ದಾಮಣ್ಣ ಚಟ್ನಿಯ ಪಾತ್ರೆಯ ಎದುರು ನಿಂತಿದ್ದರು. ನನ್ನ ಅಂಗೈಗೆ ಒಂದು ತೊಟ್ಟು ಹಾಕಿ ಕೇಳಿದರು, "ಪುಟ್ಟಿ, ಉಪ್ಪು ಸರಿ ಉಂಟಾ ನೋಡು."

ಅವರು ಯಾರನ್ನೂ ಆ ಪ್ರಶ್ನೆ ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಿಂದಿನ ದಿನದ ಬೆಂಕಿಗಿಂತ ನನಗೆ ಇದರಿಂದಲೇ ಹೆಚ್ಚು ಹೆದರಿಕೆಯಾಯಿತು. ನೆಕ್ಕಿ ನೋಡಿದೆ. ಉಪ್ಪು ಎಂದಿನಂತೆ ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ.

"ಸರಿ ಉಂಟು ದಾಮಣ್ಣ" ಎಂದೆ. ಅವರು ತಲೆದೂಗಿದರು, ಆದರೆ ನಂಬಿದಂತೆ ಕಾಣಲಿಲ್ಲ. ಆಗ ನನಗೆ ಏನು ತೋಚಿತೋ, "ಹಳದಿಯದನ್ನು ನೀವೇ ಚಾರ್ಜಿಗೆ ಹಾಕ್ತೀರಾ?" ಎಂದು ಕೇಳಿದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಸೌಟು ಕೆಳಗಿಟ್ಟು ನೆಟ್ಟಗೆ ಅಪ್ಪನ ಹತ್ತಿರ ಹೋದರು. ಏನು ಮಾತಾಡಿದರೋ ಕೇಳಲಿಲ್ಲ. ಅಪ್ಪ ಮೊದಲು ಬೇಡವೆಂದು ತಲೆಯಾಡಿಸಿದ, ಆಮೇಲೆ ಚೆನ್ನೈಗೆ ಇನ್ನೊಂದು ಫೋನು ಮಾಡಿದ, ಆಮೇಲೆ ಹೂಂ ಎಂದ. ಬ್ಯಾಟರಿಯನ್ನು ಅಂಗಳದಲ್ಲಿ, ಯಾರೂ ಬಳಸದ ಹಳೆಯ ರುಬ್ಬುವ ಕಲ್ಲಿನ ಗುಂಡಿಯೊಳಗೆ ಇಟ್ಟು ಚಾರ್ಜಿಗೆ ಹಾಕಿದರು. ಭಾನುವಾರದ ಗಿರಾಕಿಗಳನ್ನು ಅಪ್ಪನೇ ಸುಧಾರಿಸಿದ. ದಾಮಣ್ಣ ಕೈಯಲ್ಲಿ ಸಟ್ಟುಗ, ಪಕ್ಕದಲ್ಲಿ ಹೊಸ ಉಪ್ಪಿನ ಚೀಲ ಇಟ್ಟುಕೊಂಡು ಎರಡು ಗಂಟೆ ಕಣ್ಣು ಮಿಟುಕಿಸದೆ ಕೂತರು. ಹಳದಿ ಬ್ಯಾಟರಿ ಉಬ್ಬಲಿಲ್ಲ. ಹಸಿರು ದೀಪ ಬಂತು.

ರೇಸಿಗೆ ಅವರೂ ಬಂದರು, ಸಟ್ಟುಗ ಉಪ್ಪಿನ ಸಮೇತ. ಪಾರ್ಕಿಂಗಿನ ವಾಚ್‌ಮನ್ ಮರಾಠಿಯಲ್ಲಿ, ಇಲ್ಲಿ ಭಜಿ ಕರಿಯುತ್ತೀರಾ ಎಂದು ಕೇಳಿದ. ಈರಣ್ಣ ಕಾಕಾ ಕಂಬಕ್ಕೊರಗಿ, "ತೂಕರೀ, ತೂಕ! ನಾ ಏನ್ ಹೇಳಿದ್ದೆ?" ಎಂದು ಕಾರು ಸುತ್ತು ಬಂದಾಗಲೆಲ್ಲ ಕೂಗಿದರು. ಚಿನ್ಮಯನ ಕಾರು ಮಿಂಚಿನ ಹಾಗೆ ಓಡಿ ಏಳನೇ ಸುತ್ತಿನಲ್ಲಿ ಕಂಬಕ್ಕೆ ಗುದ್ದಿ ಮಗುಚಿತು. ನನ್ನದು ಬೆಲ್ಲದ ಗಾಡಿಯ ಹಾಗೆ ಹತ್ತನೇ ಸುತ್ತು ಮುಗಿಸಿತು. ಮೂರನೇ ಸ್ಥಾನ. ಒಟ್ಟು ನಾಲ್ಕು ಕಾರುಗಳು.

ಹಿಂದಿರುಗುವಾಗ ದಾಮಣ್ಣ ಉಪ್ಪಿನ ಚೀಲ ಹೆಗಲಿಗೆ ಹಾಕಿಕೊಂಡು, "ಮಧ್ಯಾಹ್ನದ ಸಾಂಬಾರಿಗೆ ಇದನ್ನೇ ಹಾಕುವ" ಎಂದರು. ಹಾಕಿದರು. ನೋಡದೆಯೇ ಹಾಕಿದರು.

ಈಗ ಆ ಕೆಂಪು ಕಾರು ನನ್ನ ಕಪಾಟಿನಲ್ಲಿದೆ, ಬ್ಯಾಟರಿಯಿಲ್ಲದೆ. ದಾಮಣ್ಣ ಊರಿಗೆ ಹಿಂದಿರುಗಿ ಮೊಮ್ಮಕ್ಕಳಿಗೆ ಬನ್ಸ್ ಮಾಡಿಕೊಡುತ್ತಿದ್ದಾರೆ. ಹೊಟೇಲಿನಲ್ಲಿ ಹಿಟ್ಟು ಹುದುಗಿತೆಂದು ಹೇಳಲು ಗಂಟೆ ಬಾರಿಸುವ ಯಂತ್ರ ಬಂದಿದೆ. ನಾನು ಇವತ್ತಿಗೂ ಫೋನು ಚಾರ್ಜಿಗಿಟ್ಟು ಕೋಣೆ ಬಿಟ್ಟು ಹೋಗುವುದಿಲ್ಲ. ಏನಾದರೂ ಅನುಮಾನ ಬಂದರೆ ಅದೇ ಫೋನನ್ನು ಕೇಳುತ್ತೇನೆ. ಯಾವ ಬ್ಯಾಟರಿ ಒಳ್ಳೆಯದು, ಯಾವುದನ್ನು ಮುಟ್ಟಬಾರದು, ಎಲ್ಲವನ್ನೂ ಅದು ಒಂದು ಕ್ಷಣದಲ್ಲಿ ಹೇಳುತ್ತದೆ. ಅದು ಹೇಳುವುದು ಸರಿಯಾಗಿಯೇ ಇರುತ್ತದೆ. ಆ ಶುಕ್ರವಾರ ನಮ್ಮ ಮೇಜಿನ ಸುತ್ತ ಕೂತವರು ಹೇಳಿದ್ದಕ್ಕಿಂತ ಖಂಡಿತ ಸರಿ.

ಹೇಳಿದ ಮೇಲೆ ಅದು ಸುಮ್ಮನಾಗುತ್ತದೆ. ದಾಮಣ್ಣ ತಪ್ಪು ಹೇಳಿದರು, ಹೇಳಿ ಉಪ್ಪು ಹಿಡಿದು ಪಕ್ಕದಲ್ಲೇ ಕೂತರು.