ನವಿಲಿನ ಗೋಡೆಯ ಮೇಲೊಂದು ಶಬ್ದ

ನಮ್ಮ ಅವ್ವನಿಗೆ ಸ್ವಂತ ಮನೆ ಇರಲಿಲ್ಲ, ಸ್ವಂತ ಗೋಡೆಯೊಂದಿತ್ತು. ಮನೆ ಪುರಸಭೆಯದು, ಬಾಗಿಲು ಪುರಸಭೆಯದು, ಮಳೆಗಾಲದಲ್ಲಿ ಸೋರುವ ಹಂಚೂ ಪುರಸಭೆಯದು. ನಡುಮನೆಯ ಉದ್ದನೆಯ ಗೋಡೆ ಮಾತ್ರ ತನ್ನದು ಅಂತ ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ನಿಪ್ಪಾಣಿಯ ಬಸ್ಸೂ ಚಿಕ್ಕೋಡಿಯ ಬಸ್ಸೂ ನಿಂತು ಹೋಗುವ ಗಡಿಯ ಊರು ನಮ್ಮದು. ಅಲ್ಲಿ ಪುರಸಭೆಯವರು ಸಾಲಾಗಿ ಕಟ್ಟಿ ಬಾಡಿಗೆಗೆ ಕೊಟ್ಟಿದ್ದ ಚಾಳಿನಲ್ಲಿ ಅವ್ವ, ನಾನು, ಮತ್ತು ತಂಬಾಕಿನ ವಖಾರಿಯೊಂದರಲ್ಲಿ ಕಾರಕೂನನಾಗಿದ್ದ ಅಪ್ಪ ಇದ್ದೆವು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನಾನಾಗ ಹೈಸ್ಕೂಲಿನ ಹುಡುಗಿ.

ಆ ಗೋಡೆಗೆ ಅವ್ವ ಆಕಾಶಬಣ್ಣದ ಆಯಿಲ್ ಪೇಂಟ್ ಬಳಿದು, ಎದೆಮಟ್ಟದಲ್ಲಿ ಈ ತುದಿಯಿಂದ ಆ ತುದಿಯವರೆಗೆ ನವಿಲುಗಳ ಸಾಲು ಬರೆದಿದ್ದಳು. ಪಾಲಬಾವಿಯ ನನ್ನ ಸೋದರಮಾವ ಚಕ್ಕಡಿಯಿಂದ ಬಿದ್ದು ಮೊಣಕಾಲು ಮುರಿದುಕೊಂಡಾಗ ತೆಗೆಸಿದ ಎಕ್ಸ್‌ರೇ ಹಾಳೆಯನ್ನು ಬೇಡಿ ತಂದು, ಬ್ಲೇಡಿನಿಂದ ಅದರಲ್ಲಿ ನವಿಲಿನ ಆಕಾರ ಕತ್ತರಿಸಿ, ಅದನ್ನೇ ಗೋಡೆಗೆ ಒತ್ತಿ ಹಿಡಿದು ಬಣ್ಣ ತುಂಬಿದ್ದು. ಎಲ್ಲ ನವಿಲುಗಳ ಹೊಟ್ಟೆಯಲ್ಲೂ ಮಾವನ ಮೊಣಕಾಲು ಐತಿ ಎಂದು ನಾನು ಅವಳನ್ನು ಕಾಡುತ್ತಿದ್ದೆ. ಆದರೆ ಕುತ್ತಿಗೆಗಳ ವಿಷಯದಲ್ಲಿ ನನಗೂ ಒಳಗೊಳಗೇ ಹೆಮ್ಮೆ. ಕುತ್ತಿಗೆಯ ಬಣ್ಣ ಹಾಳೆಯ ತೂತಿನಿಂದ ಬರುವಂಥದ್ದಲ್ಲವೆಂದು ಒಂದೊಂದನ್ನೂ ಕೈಯಿಂದಲೇ, ನೀಲಿಗೆ ಹಸಿರು ಕಲಸಿ, ಬೆರಳಿಗೆ ಅರಿವೆ ಸುತ್ತಿಕೊಂಡು ತೀಡಿದ್ದಳು. ಆ ವರ್ಷದ ದೀಪಾವಳಿಗೆ ನಮ್ಮ ಮನೆಯಲ್ಲಿ ಅಡುಗೆ ಸರಿಯಾಗಿ ಆದ ನೆನಪೇ ನನಗಿಲ್ಲ.

ಚಾಳಿನ ಹುಡುಗಿಯರಿಗೆ ವರ ನೋಡುವಾಗ ಫೋಟೋ ತೆಗೆಸುವುದು ನಮ್ಮ ಗೋಡೆಯ ಮುಂದೆಯೇ. ಸ್ಟುಡಿಯೋದವನೇ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಬರುತ್ತಿದ್ದ. ಆ ಫೋಟೋಗಳ ಜೊತೆ ನಮ್ಮ ನವಿಲುಗಳೂ ಲಕೋಟೆಯಲ್ಲಿ ಕೂತು ಅಥಣಿಗೆ, ಐಗಳಿಗೆ, ಜುಗೂಳಕ್ಕೆ ಹೋಗಿ ಬರುತ್ತಿದ್ದವು. ಯಾವುದಾದರೂ ಸಂಬಂಧ ಕೂಡಿಬಂದರೆ ಅವ್ವ ಅದನ್ನು ಹುಡುಗಿಯ ಗುಣಕ್ಕೂ ಬಿಡುತ್ತಿರಲಿಲ್ಲ, ರೂಪಕ್ಕೂ ಬಿಡುತ್ತಿರಲಿಲ್ಲ. ಗೋಡೆಯಿಂದಲೇ ಆಯಿತು ಅನ್ನುವಳು. ಜಂಬ ಅನ್ನಿ. ನಾನಂತೂ ಮುಖಕ್ಕೇ ಅನ್ನುತ್ತಿದ್ದೆ.

ಒಂದು ಮಳೆಗಾಲದಲ್ಲಿ ಪಕ್ಕದ ಮನೆಯ ಸ್ವಿಚ್ಚಿನ ಬೋರ್ಡು ಚಟಪಟ ಎಂದು ಕಿಡಿ ಉಗುಳಿತು. ಚಾಳಿನ ವೈರಿಂಗು ಬಹಳ ಹಳೆಯದು, ಕಟ್ಟಿಗೆಯ ಪಟ್ಟಿಯ ಮೇಲೆ ಮೊಳೆ ಹೊಡೆದು ಎಳೆದದ್ದು; ಇಲಿ ಕಡಿದಲ್ಲೆಲ್ಲ ತಾಮ್ರ ಕಾಣುತ್ತಿತ್ತು. ಪುರಸಭೆಯವರು ಎಲ್ಲ ಮನೆಗಳಿಗೂ ಹೊಸ ವೈರಿಂಗು ಮಾಡಿಸುತ್ತಾರೆ ಅಂದಾಗ ಚಾಳಿಗೆ ಚಾಳೇ ಖುಷಿಪಟ್ಟಿತು. ಪೈಪನ್ನು ಗೋಡೆಯ ಒಳಗೆ ಹೂಳುತ್ತಾರೆ, ಅದಕ್ಕೆ ಗೋಡೆ ಕೊರೆಯುತ್ತಾರೆ ಎಂದು ಗೊತ್ತಾದದ್ದು ಆಮೇಲೆ. ಅಂದಿನಿಂದ ಅವ್ವನಿಗೆ ಊಟ ಸೇರಲಿಲ್ಲ.

ಮೊದಲು ಬಂದವನು ಗುತ್ತಿಗೆದಾರನ ಕಡೆಯ ವೈರಮನ್. ಕೊಲ್ಲಾಪುರದ ಕಡೆಯವನು, ಕನ್ನಡ ಒಂದಕ್ಷರ ಬಾರದು. ಅವ್ವನದೋ ಸಂತೆಯ ಮರಾಠಿ. ಎಷ್ಟಕ್ಕೆ ಕೊಡುತ್ತೀರಿ ಅನ್ನಲು 'ಕೇವಢ್ಯಾಲಾ', ಕೆಳಗೆ ಕೂಡ್ರಿ ಅನ್ನಲು 'ಖಾಲಿ ಬಸಾ', ನಾಳೆ ಬನ್ನಿ ಅನ್ನಲು 'ಉದ್ಯಾ ಯಾ'. ಇಷ್ಟರಲ್ಲೇ ಅವಳು ಗಡಿಯ ಊರಿನಲ್ಲಿ ಸಂಸಾರ ತೂಗಿಸಿಕೊಂಡು ಬಂದಿದ್ದಳು. ವೈರಮನ್ ನಮ್ಮ ಗೋಡೆಯ ಮುಂದೆ ಬಹಳ ಹೊತ್ತು ನಿಂತ. ಒಂದು ನವಿಲಿನ ಕುತ್ತಿಗೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದ. ಇದನ್ನು ಉಳಿಸಲು ಆಗುತ್ತದೆಯೇ ಎಂದು ಅವ್ವ ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಕೇಳಿದಳು. 'ಬಘೂ' ಎಂದು ಹೊರಟುಹೋದ, ನೋಡೋಣ ಅಂತ. ನೋಡೋಣ ಅಂದವರು ಯಾರು ಏನು ಮಾಡಿದ್ದಾರೆ ಎಂದು ಅವ್ವ ಆ ಸಂಜೆ ಪೂರ್ತಿ ಗೊಣಗಿದಳು.

ಆ ವಾರವೇ ಅವಳು ಚಾಳಿನವರೆಲ್ಲ ಮಾವಶಿ ಅನ್ನುತ್ತಿದ್ದ ಪಕ್ಕದ ಮನೆಯ ಹಿರಿಯಳನ್ನು ಜೊತೆ ಮಾಡಿಕೊಂಡು ಪುರಸಭೆಯ ಕಚೇರಿಗೆ ಹೋದಳು. ಮಾವಶಿಯ ಮನೆಮಾತು ಮರಾಠಿ, ಕನ್ನಡವನ್ನೂ ಅಷ್ಟೇ ಸಲೀಸಾಗಿ ಆಡುವಳು, ಓದು ಬರಹ ಮಾತ್ರ ಯಾವ ಭಾಷೆಯಲ್ಲೂ ಇಲ್ಲ. ಅಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಅವಳೇ. ಪೈಪನ್ನು ನವಿಲುಗಳ ಮೇಲಿನಿಂದಲೋ ಕೆಳಗಿನಿಂದಲೋ ಒಯ್ಯಿರಿ ಎಂದು ಅವ್ವ ಸಾಹೇಬರ ಮುಂದೆ ಕೈಮುಗಿದಳಂತೆ. ಸಾಹೇಬರು ಮೊದಲು ನಕ್ಕರಂತೆ. ಅವ್ವ ಬಿಡದೆ ಮತ್ತೆ ಮತ್ತೆ ಕೇಳಿದಾಗ ನಗು ಹೋಯಿತು.

"ಗ್ವಾಡಿ ನಿಮ್ಮದಲ್ಲ ಬಾಯಿ, ಪುರಸಭೆದು. ವೈರಿಂಗ ಬ್ಯಾಡಂದ್ರ ಮನಿ ಖಾಲಿ ಮಾಡ್ರಿ," ಅಂದರಂತೆ.

ಹಗಲು ಹೊತ್ತು ಚಾಳಿನಲ್ಲಿ ಯಾರೂ ಬಾಗಿಲಿಗೆ ಕೀಲಿ ಹಾಕುತ್ತಿರಲಿಲ್ಲ. ಅವ್ವ ಅತ್ತ ಹೋದಾಗ ಇತ್ತ ವೈರಮನ್ ಎಲ್ಲ ಮನೆಗಳನ್ನು ಹೊಕ್ಕು, ಕಾವಿ ಹಚ್ಚಿದ ದಾರ ಚಿಮ್ಮಿ, ಗೋಡೆ ಗೋಡೆಗೂ ಒಂದೇ ಎತ್ತರದಲ್ಲಿ ಗೆರೆ ಹೊಡೆದು ಹೋಗಿದ್ದ. ನಮ್ಮ ಗೋಡೆಯಲ್ಲಿ ಆ ಕೆಂಪು ಗೆರೆ ನೆಟ್ಟಗೆ ನವಿಲುಗಳ ಕುತ್ತಿಗೆಯ ಮೇಲೆಯೇ ಹಾದಿತ್ತು. ಗೆರೆಯ ಪಕ್ಕದಲ್ಲಿ ಸೀಮೆಸುಣ್ಣದಿಂದ, ಮರಾಠಿ ಅಕ್ಷರದಲ್ಲಿ, ದಪ್ಪಗೆ ಒಂದೇ ಶಬ್ದ ಬರೆದಿತ್ತು: ಖಾಲಿ.

ನಾನು ಶಾಲೆಯಿಂದ ಬಂದಾಗ ಅವ್ವ ಅದರ ಎದುರು ನೆಲದ ಮೇಲೆ ಕೂತಿದ್ದಳು. ಬಸ್ಸಿನ ಬೋರ್ಡು ನೋಡಿ ನೋಡಿ ಅವಳಿಗೆ ಆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಶಾಲೆಯ ಹಿಂದಿಯಿಂದ ನಾನೂ ಓದಿದೆ. ಅವಳು ಎದ್ದು ಚಾಳಿನ ಎಲ್ಲ ಮನೆಗಳಿಗೂ ಹೋಗಿ ನೋಡಿ ಬಂದಳು. ಗೆರೆ ಎಲ್ಲರ ಮನೆಯಲ್ಲೂ ಇತ್ತು, ಶಬ್ದ ನಮ್ಮ ಮನೆಯಲ್ಲಿ ಮಾತ್ರ. ಏನು ಬರೆದಿದ್ದಾನೆ ಎಂದು ಮಾವಶಿ ಬಾಗಿಲಲ್ಲಿ ನಿಂತು ಕೇಳಿದಳು. ಮನೆ ಖಾಲಿ ಮಾಡಬೇಕಂತೆ ಅಂದಳು ಅವ್ವ. ಮಾವಶಿ ಸೆರಗು ಬಾಯಿಗೆ ಹಿಡಿದುಕೊಂಡಳು.

ವಖಾರಿಯಿಂದ ಬಂದ ಅಪ್ಪನಿಗೆ ನಂಬಿಕೆ ಬರಲಿಲ್ಲ. ನೋಟೀಸು ಕೊಡದೆ ಗೋಡೆಗೆ ಬರೆದು ಯಾರಾದರೂ ಮನೆ ಬಿಡಿಸುತ್ತಾರೆಯೇ, ಬೆಳಿಗ್ಗೆ ಹೋಗಿ ಕೇಳಿ ಬರುತ್ತೇನೆ ಅಂದ. ಅವ್ವ ಅವನ ಕೈ ಹಿಡಿದಳು.

"ಹೋಗಬ್ಯಾಡ್ರಿ. ಕೇಳಿದ್ರ ಕಾಗದದಾಗ ಬರದು ಕೈಯಾಗ ಕೊಡ್ತಾರ. ಬಾಯಿ ಮುಚ್ಕೊಂಡಿದ್ರ ಮರತರೂ ಮರೀಬಹುದು."

ಅಪ್ಪ ಜಗಳದ ಮನುಷ್ಯನಲ್ಲ, ಸುಮ್ಮನಾದ. ಅವನ ಆ ಸುಮ್ಮನಿರುವ ಗುಣ ನೆನಪಾದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಅವ್ವ ಒದ್ದೆ ಅರಿವೆ ತಂದು ಆ ಶಬ್ದವನ್ನು ತಿಕ್ಕಿ ತಿಕ್ಕಿ ಒರೆಸಿದಳು. ಎಣ್ಣೆ ಬಣ್ಣದ ಮೇಲಿನ ಸೀಮೆಸುಣ್ಣ, ಗುರುತೇ ಉಳಿಯದ ಹಾಗೆ ಹೋಯಿತು. ಆ ಕೆಂಪು ಗೆರೆಯನ್ನೂ ಒರೆಸಿಬಿಡು ಎಂದೆ. ಅದು ಸರಕಾರದ್ದು, ಮುಟ್ಟಬಾರದು ಅಂದಳು.

ಆಮೇಲಿನ ದಿನಗಳು ಬಲು ಕೆಟ್ಟವು. ಹೊರಗೆ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಪುರಸಭೆಯ ಜವಾನ ಬಂದನೆಂದು ಅವ್ವ ಕೆಲಸ ಬಿಟ್ಟು ಬಾಗಿಲಿಗೆ ಓಡುವಳು. ಟ್ರಂಕಿಗೆ ಸೀರೆ ತುಂಬುವಳು, ಮತ್ತೆ ತೆಗೆದು ಗೂಟಕ್ಕೆ ಹಾಕುವಳು. ತಾನು ಬಾಯಿ ಜೋರು ಮಾಡಿ ಕಚೇರಿಗೆ ಹೋದದ್ದಕ್ಕೇ ಇದೆಲ್ಲ ಆಯಿತು, ನವಿಲಿನ ಹುಚ್ಚಿಗೆ ಮಗಳನ್ನು ಬೀದಿಗೆ ತಂದೆನಲ್ಲ ಎಂದು ತನಗೆ ತಾನೇ ಬೈದುಕೊಳ್ಳುವಳು. ಬೇರೆಯ ಮನೆ ಹಿಡಿಯುವ ಬಾಡಿಗೆ ಅಪ್ಪನ ಪಗಾರಿಗೆ ನಿಲುಕುವ ಹಾಗಿರಲಿಲ್ಲ. ಪಾಲಬಾವಿಗೆ ಹೋದರೆ ನನ್ನ ಶಾಲೆ ಬಿಡಿಸಬೇಕಾಗುತ್ತಿತ್ತು. ನನಗೆ ಅವಳ ಮೇಲೆ ಕನಿಕರವೂ ಆಗುತ್ತಿತ್ತು, ಈ ಹಾಳು ನವಿಲುಗಳನ್ನು ಯಾಕಾದರೂ ಬರೆದಳೋ ಎಂದು ರೇಗಿಯೂ ಹೋಗುತ್ತಿತ್ತು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದಾಗ ಗೋಡೆ ಕೊರೆಯುವ ಇಬ್ಬರು ನಮ್ಮ ಮನೆಯೊಳಗಿದ್ದರು. ವೈರಮನ್ ಪೈಪು ತರಲು ನಿಪ್ಪಾಣಿಗೆ ಹೋಗಿದ್ದ. ಹಿಂದಿನ ಅವ್ವನಾಗಿದ್ದರೆ ಅವರ ಕೈಯಿಂದ ಉಳಿ ಕಸಿದು ಬೀದಿಗೆ ಎಸೆಯುತ್ತಿದ್ದಳು. ನಳದ ಪಾಳಿಗಾಗಿ ಇಡೀ ಚಾಳನ್ನೇ ಎದುರು ಹಾಕಿಕೊಂಡವಳು ಅವಳು. ಅಂದು ತಾನೇ ಮೊಳೆಯಿಂದ ಕ್ಯಾಲೆಂಡರ್ ತೆಗೆದಳು. ತಾನೇ ಹಿಟ್ಟಿನ ಡಬ್ಬಿ ಒಳಗಿಟ್ಟು, ಮಂಚದ ಮೇಲೆ ಹಳೆಯ ಸೀರೆ ಹೊದಿಸಿದಳು. ಕೊರೆಯುವವರಲ್ಲಿ ಹಿರಿಯವನು ಸುತ್ತಿಗೆ ಎತ್ತಿದವನು ನವಿಲುಗಳನ್ನು ನೋಡಿ ಕೈ ತಡೆದ. ಅವ್ವನ ಕಡೆ ತಿರುಗಿದ.

"ಗೆರಿ ಇದರ ಮ್ಯಾಲ ಐತೆಲ್ರಿ ಅಕ್ಕಾರ. ಹೊಡೀಲೇನ್ರಿ?"

ನಾನು ಅವ್ವನ ಮುಖ ನೋಡಿದೆ. ಬ್ಯಾಡ ಅಂತಾಳೆ, ಈಗ ಅಂತಾಳೆ ಎಂದು ಕಾದೆ. ಬ್ಯಾಡ ಅಂದರೆ ಮನೆ ಹೋಗುತ್ತದೆ ಎಂದು ಅವಳ ತಲೆಯಲ್ಲಿ.

"ಹೊಡೀರಿ," ಅಂದಳು.

ಮೊದಲನೆಯ ಕುತ್ತಿಗೆ ಬಿದ್ದಾಗ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ಇಲ್ಲಿ ಸುತ್ತಿಗೆಯ ಸದ್ದು, ಅಲ್ಲಿ ರೊಟ್ಟಿಯ ಸದ್ದು. ಇಲ್ಲಿ ಜೋರಾದರೆ ಅಲ್ಲಿ ಇನ್ನೂ ಜೋರು. ಮನೆತುಂಬ ಸುಣ್ಣದ ಧೂಳು. ನೀಲಿ ಹಸಿರು ಚೂರುಗಳು ನನ್ನ ಕಾಲ ಮೇಲೆ ಉದುರುತ್ತಿದ್ದವು. ಅವರು ಕೊನೆಯ ನವಿಲನ್ನು ಮುಗಿಸಿ ಮುಂದಿನ ಮನೆಗೆ ಹೋದ ಮೇಲೆ ನೋಡಿದರೆ ಒಂದು ವಾರಕ್ಕಾಗುವಷ್ಟು ರೊಟ್ಟಿ ಬುಟ್ಟಿಯಲ್ಲಿತ್ತು. ಅವ್ವ ಅತ್ತಿರಲಿಲ್ಲ. ಮನೆ ಉಳಿಯಿತಲ್ಲ, ಸಾಕು ಅಂದಳು.

ಸಂಜೆ ವೈರಮನ್ ಹೆಗಲ ಮೇಲೆ ಪೈಪಿನ ಕಟ್ಟು ಹೊತ್ತು ಬಂದ. ಗೋಡೆ ನೋಡಿ ಬಾಗಿಲಲ್ಲೇ ನಿಂತ, ಹೊರೆ ಇಳಿಸುವುದನ್ನೂ ಮರೆತ. ಆಮೇಲೆ ಬಡಬಡ ಮಾತಾಡತೊಡಗಿದ. ಗದ್ದಲ ಕೇಳಿ ಮಾವಶಿ ಓಡಿಬಂದಳು. "ಮೀ ಲಿಹಿಲಂ ಹೋತಂ ನಾ, ಖಾಲಿ," ಬರೆದಿದ್ದೆನಲ್ಲ ಎಂದು ಅವನು ಅವಳಿಗೆ ಮತ್ತೆ ಮತ್ತೆ ಹೇಳುತ್ತ, ನವಿಲುಗಳ ಕಾಲಿನ ಕೆಳಗೆ, ನೆಲದ ಹತ್ತಿರದ ಬರಿ ಗೋಡೆಯನ್ನು ತೋರಿಸುತ್ತಿದ್ದ. ಮಾವಶಿ ಅವನನ್ನು ನೋಡಿದಳು, ಗೋಡೆಯನ್ನು ನೋಡಿದಳು, ಆಮೇಲೆ ಮೆಲ್ಲಗೆ ಅವ್ವನ ಕಡೆ ತಿರುಗಿದಳು.

"ತಂಗೀ, ಅಂವ ಮರಾಠ್ಯಾಗ ಬರದಿದ್ದ. ಖಾಲಿ ಅಂದ್ರ ಕೆಳಗ. ನವಲ ಉಳೀಲಿ, ಪೈಪ ಕೆಳಗ ಒಯ್ರಿ ಅಂತ ಬರದಿದ್ನಂತ."

ಯಾರು ಅಳಿಸಿದರು ಎಂದು ವೈರಮನ್ ಕೇಳುತ್ತಲೇ ಇದ್ದ. ಕೊರೆಯುವವರೇ ಅಳಿಸಿರಬೇಕೆಂದು ಅವನ ಸಿಟ್ಟು. ಅವರನ್ನು ಕರೆಯಲು ತಿರುಗಿದವನನ್ನು ಅವ್ವ ತಡೆದಳು.

"ಮೀಚ ಪುಸಲಂ," ಅಂದಳು. ನಾನೇ ಒರೆಸಿದೆ ಅಂತ. ಅವಳಿಗೆ ಅಷ್ಟು ಮರಾಠಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅವನು ಹೊರೆ ಇಳಿಸಿ ತಲೆ ತಗ್ಗಿಸಿ ನಿಂತುಬಿಟ್ಟ. ಬಂದವರು ಹಾಗೆ ಬಾಗಿಲಲ್ಲಿ ನಿಲ್ಲುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ. ಅವ್ವ ನೆಲದ ಮೇಲಿನ ನೀಲಿ ಚೂರುಗಳನ್ನು ಅಂಗೈಯಿಂದ ಒಂದು ಬದಿಗೆ ಸರಿಸಿ, ಚಾಪೆ ಬಿಡಿಸಿ, ಮರಾಠಿ ಮಾತಿನ ಯಾರೇ ಬಂದರೂ ಅಷ್ಟು ವರ್ಷ ಹೇಳುತ್ತ ಬಂದ ಮಾತನ್ನೇ ಅವನಿಗೂ ಹೇಳಿದಳು.

"ಖಾಲಿ ಬಸಾ. ಚಹಾ ಟಾಕತೆ."

ಅಂದ ಕೂಡಲೇ ಆ ಶಬ್ದ ಅವಳ ಕಿವಿಗೇ ಬಿತ್ತು. ಚಾಪೆಯ ತುದಿ ಕೈಯಲ್ಲಿ ಹಿಡಿದುಕೊಂಡೇ ಅವ್ವ ಆಗ ಅತ್ತಳು.