ಎಕ್ಕದ ಹೂವಿನ ತೋಳು

ಫೋನಿನಲ್ಲಿ ಜಾಗವಿಲ್ಲವೆಂದು ಹಳೆಯ ಫೋಟೋಗಳನ್ನು ಅಳಿಸುತ್ತಾ ಕೂತಿದ್ದಾಗ ಒಂದು ಸಿಕ್ಕಿತು. ಇಡೀ ಮಧುಗಿರಿ ಬೆಟ್ಟ ನನ್ನ ಅಂಗೈ ಮೇಲೆ ಕೂತಿದೆ, ನಾನು ಉಫ್ ಎಂದು ಊದುತ್ತಿದ್ದೇನೆ. ತೆಗೆದವರು ಶಿರಾದಿಂದ ಬಂದು ನಮ್ಮ ಬೀದಿಯಲ್ಲಿ ಸ್ಟುಡಿಯೊ ಇಟ್ಟಿದ್ದ ಭಾಯ್. ಈ ಒಂದು ಫೋಟೋಗಾಗಿ ನನ್ನನ್ನು ಬಿಸಿಲಲ್ಲಿ ಹಿಂದೆ ಮುಂದೆ ಓಡಾಡಿಸಿ, ತಾವು ನೆಲದ ಮೇಲೆ ಮಲಗಿ, ಪ್ಯಾಂಟಿನ ತುಂಬ ಮುಳ್ಳು ಮೆತ್ತಿಸಿಕೊಂಡಿದ್ದರು.

ನಾನಾಗ ಬ್ಲೌಸ್‌ಗಳಿಗೆ ಆರಿ ವರ್ಕ್ ಕಸೂತಿ ಹಾಕುವುದನ್ನು ಹೊಸದಾಗಿ ಶುರುಮಾಡಿದ್ದೆ. ಕೈ ಚುರುಕಾಗಿತ್ತು, ತಲೆ ಖಾಲಿ. ಎಲ್ಲರೂ ಹಾಕುವ ನವಿಲು, ಆನೆ ಬಿಟ್ಟರೆ ಬೇರೇನೂ ಹೊಳೆಯುತ್ತಿರಲಿಲ್ಲ. ಹೇಳಿಕೊಂಡಾಗ ಭಾಯ್ ನಕ್ಕರು. “ಅರೆ, ಕಂಪ್ಯೂಟರ್ ಮುಂದೆ ಕೂತ್ರೆ ಡಿಸೈನ್ ಉದುರ್ತದಾ? ಮೊದ್ಲು ಹೊಲಕ್ಕೋಗಮ್ಮ. ಕಣ್ಣಿಗೆ ಬಿದ್ದಿದ್ದು ತಗೊಂಬಾ.”

ಜಾಲಿಕಾಯಿ, ಹೊಂಗೆ ಎಲೆ, ಹಾವಿನ ಪೊರೆ... ಸಿಕ್ಕಿದ್ದೆಲ್ಲ ಹೊತ್ತು ತಂದೆ. ಅವರು ಅದನ್ನು ಗಾಜಿನ ಮೇಲಿಟ್ಟು, ಕೆಳಗಿನಿಂದ ಟಾರ್ಚ್ ಬಿಟ್ಟು ಫೋಟೋ ತೆಗೆಯುತ್ತಿದ್ದರು. ಪುಕ್ಕಟೆ ಸಿಗುವ ಒಂದು ವೆಬ್‌ಸೈಟಿಗೆ ಹಾಕಿದರೆ ಅದೇ ಚಿತ್ರ ಎಂಟಾಗಿ ಸುತ್ತಿಕೊಂಡು ರಂಗೋಲಿಯಾಗುತ್ತಿತ್ತು. ಚಾ ತಣ್ಣಗಾಗುವುದು ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ನನಗೆ ಅಷ್ಟು ಖುಷಿ ಕೊಟ್ಟ ದಿನಗಳು ಬೇರೆ ಇಲ್ಲ.

ಮದುವೆ ಬ್ಲೌಸಿನ ಮೊದಲ ಕೆಲಸ ಹೊಳವನಹಳ್ಳಿಯ ಒಂದು ಮನೆಯಿಂದ ಬಂತು. ಮದುವೆಯ ಫೋಟೋ ಕೆಲಸ ಭಾಯ್ ಅವರದು, ನನ್ನ ಬಗ್ಗೆ ಹೇಳಿದ್ದೂ ಅವರೇ. ಇದು ಕೆಟ್ಟರೆ ಎರಡನೆಯದು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಬದುವಿನ ಮೇಲಿದ್ದ ಎಕ್ಕದ ಹೂವು ಕಿತ್ತು ತಂದೆ. ನಮ್ಮ ಕಡೆ ಮೂರನೇ ಮದುವೆಯ ಗಂಡು ಮೊದಲು ತಾಳಿ ಕಟ್ಟುವುದು ಎಕ್ಕದ ಗಿಡಕ್ಕೆ. ಮದುವೆ ಹೆಣ್ಣಿಗೆ ಅದು ಆಗಿಬರುವುದಿಲ್ಲವೆಂದು ಚಿಕ್ಕಂದಿನಿಂದ ತಿಳಿದಿದ್ದೆ. ಆದರೆ ಪರದೆಯ ಮೇಲೆ ಆ ನೇರಳೆ ನಕ್ಷತ್ರಗಳು ತಿರುಗಿ ನಿಂತಾಗ ಇದು ಎಕ್ಕವೆಂದು ಯಾರಿಗೆ ಗೊತ್ತಾಗುತ್ತದೆ ಅನ್ನಿಸಿತು. ಭಾಯ್‌ಗೂ ಹೇಳಲಿಲ್ಲ.

ಫೋಟೋ ವಿಷಯ ಮಾತಾಡಲು ಮದುವೆ ಮನೆಯವರು ಸ್ಟುಡಿಯೊಗೆ ಬಂದಾಗ ಬ್ಲೌಸ್ ಕೊಟ್ಟೆ. ಹುಡುಗಿಯ ಅಜ್ಜಿ ತೋಳನ್ನು ಕಣ್ಣಿನ ಹತ್ತಿರ ಹಿಡಿದರು. “ಇದು ಎಕ್ಕದ ಹೂವಲ್ವಾ? ನಮ್ ಮಗೀನ ಮೈಮೇಲೆ ಇದನ್ನ ಹಾಕ್ಬುಟ್ಟಿದ್ದೀಯಲ್ಲಮ್ಮ!”

ಭಾಯ್ ನನ್ನ ಮುಖ ನೋಡಿದರು. “ತಪ್ಪು ನಂದಮ್ಮ. ಆ ಹೂವು ತಂದಿದ್ದು ನಾನು. ನಮ್ಗೆ ಗೊತ್ತಾಗ್ಲಿಲ್ಲ” ಎಂದುಬಿಟ್ಟರು. ನಾನು ಅಲ್ಲವೆನ್ನದೆ ಬ್ಲೌಸ್ ಮಡಚಿ ವಾಪಸ್ ಇಟ್ಟುಕೊಂಡೆ.

ತೋಳು ಬಿಚ್ಚಿ ಕಡ್ಲೆಕಾಯಿ ಹೂವು ಹಾಕಿಕೊಟ್ಟೆ. ಅಜ್ಜಿ ಒಪ್ಪಿದರು. ಮದುವೆಯ ಫೋಟೋ ಮಾತ್ರ ಬೇರೆಯವರ ಪಾಲಾಯಿತು. ಆ ಕಡ್ಲೆಕಾಯಿ ಹೂವು ನೋಡಿಯೇ ನನಗೆ ಮುಂದಿನ ಕೆಲಸಗಳು ಬಂದವು. ಇವತ್ತಲ್ಲ ನಾಳೆ ಆ ಮನೆಗೆ ಹೋಗಿ ನಿಜ ಹೇಳಬೇಕು ಎಂದುಕೊಳ್ಳುತ್ತಲೇ ಇದ್ದೆ... ಭಾಯ್ ಒಂದು ದಿನವೂ ಆ ಮಾತೆತ್ತಲಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡರು. ಸ್ಟುಡಿಯೊ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ಹೋದ ವಾರ ಹೊಳವನಹಳ್ಳಿಯ ಅದೇ ಹುಡುಗಿ ತಂಗಿಯ ಮದುವೆ ಬ್ಲೌಸ್ ಬಟ್ಟೆ ಹಿಡಿದು ನನ್ನ ಅಂಗಡಿಗೆ ಬಂದಳು. ತಡೆಯಲಾಗದೆ ಹೇಳಿಬಿಟ್ಟೆ, ಎಕ್ಕದ ಹೂವು ತಂದವಳು ನಾನು, ಗೊತ್ತಿದ್ದೇ ತಂದೆ ಎಂದು. ನಕ್ಕುಬಿಡುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

“ನಮ್ಮಜ್ಜಿ ಇರೋಗಂಟ ಆ ಭಾಯ್ ಅವ್ರನ್ನೇ ಬೈತಿತ್ತಲ್ಲಕ್ಕ” ಎಂದಳು.

ತಲೆ ತಗ್ಗಿಸಿ ಬಟ್ಟೆ ತೆಗೆದುಕೊಂಡೆ. ನಾನು ಹೇಳಿದ ನಿಜ ಕೇಳಿಸಿಕೊಳ್ಳಬೇಕಾದ ಅಜ್ಜಿ, ಭಾಯ್ ಇಬ್ಬರೂ ಈಗಿಲ್ಲ.