ಮೇಜಿನ ಮೇಲಿನ ಲೆಕ್ಕ

ಮನೆಯ ಮುಂದಿನ ಕೋಣೆಯೇ ದರ್ಜಿಯ ಅಂಗಡಿ. ತಿಂಗಳ ಖರ್ಚನ್ನು ಅವನು ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಈ ಸಲ ಎಷ್ಟು ಕೂಡಿದರೂ ಸರಿದೂಗಲಿಲ್ಲ. ಇಸ್ತ್ರಿಯವಳ ಸಂಬಳವನ್ನು ಅಂಗೈಯಿಂದ ಒರೆಸಿಬಿಟ್ಟ.

"ಇನ್ಮೇಲೆ ಇಸ್ತ್ರಿನೂ ನೀನೇ ಮಾಡ್ಬಿಡೇ. ಹೇಗೂ ಮನೇಲೇ ಇರ್ತೀಯಲ್ಲ."

ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದ ಹೆಂಡತಿಯ ಸೂಜಿ ನಿಂತಿತು.

"ಇರ್ತೀನಿ, ಗೋಡೆ ಥರ. ನನ್ನ ಕೂಲಿ ಎಲ್ಲಿ ಬರೆದಿದ್ದೀರಿ, ತೋರ್ಸಿ."

"ಮನೆಯವಳಿಗೆ ಎಂಥ ಕೂಲಿ? ಅಂಗಡಿ ಮುಚ್ಚಿಸ್ತೀಯಾ?" ಅಂದ ಅವನು.

ಅಂಗಡಿ ಮುಚ್ಚೀತೆಂಬ ಭಯ ಅವಳಿಗೂ ಇತ್ತು. ಆದರೂ ಸೀಮೆಸುಣ್ಣ ಕಿತ್ತುಕೊಂಡು ಇಸ್ತ್ರಿಯವಳ ಸಂಬಳವನ್ನು ಮತ್ತೆ ಬರೆದಳು. ಅದರ ಕೆಳಗೆ ತನ್ನದನ್ನೂ ಬರೆದಳು.

"ಕೊಡೋದು ಆಮೇಲಾಯ್ತು. ಮೊದಲು ಲೆಕ್ಕಕ್ಕೆ ಬರಲಿ. ಗಿರಾಕಿಗಳ ಹತ್ರ ಹೊಲಿಗೆಗೆ ಎಷ್ಟು ಕಮ್ಮಿ ತಗೋತಿದ್ದೀರಿ ಅಂತ ಆಗ ಗೊತ್ತಾಗುತ್ತೆ."

ಒರೆಸಲು ಹೋದ ಅವನ ಅಂಗೈ ಅರ್ಧಕ್ಕೇ ನಿಂತಿತು.